ಎರಡು ಗುಂಡಿನ ನಡುವಿನ ಹೊತ್ತು: ಮಧುಗಿರಿ ಕೋಟೆ ಕಿಂಡಿಯಿಂದ ಶುರುವಾದ ಮಾತು

ಮಧುಗಿರಿ ಮೆಟ್ಟಿಲು, ತುಮಕೂರು

ಹೋದ ಭಾನುವಾರ ಅಕ್ಕನ ಮಗಳನ್ನು ಕರೆದುಕೊಂಡು ಮಧುಗಿರಿ ಬೆಟ್ಟ ಹತ್ತಿದೆ. ಬಿಸಿಲೇರಿದರೆ ಆ ಬಂಡೆ ಮೇಲೆ ಕೈಯಿಡೋಕಾಗಲ್ಲ ಅಂತ ಬೆಳಗ್ಗೆ ಆರೂವರೆಗೇ ಶುರು ಮಾಡಿದ್ದೆವು. ಅರ್ಧ ದಾರಿಯಲ್ಲಿ ಕೋಟೆ ಗೋಡೆಗೆ ಒರಗಿ ನೀರು ಕುಡಿಯುವಾಗ ಅವಳು ಕೇಳಿದಳು: "ಮಾಮ, ಈ ಕಿಂಡಿ ನೆಟ್ಟಗಿದೆ. ಪಕ್ಕದ್ದು ಯಾಕೆ ಕೆಳಕ್ಕೆ ಜಾರಿದೆ?"

ಆ ಬೆಟ್ಟಕ್ಕೆ ನಾನು ಹತ್ತು ಸಲವಾದರೂ ಹೋಗಿದ್ದೇನೆ. ಒಂದು ಸಲವೂ ಇದನ್ನು ಗಮನಿಸಿರಲಿಲ್ಲ. ಬಗ್ಗಿ ಕಣ್ಣಿಟ್ಟು ನೋಡಿದೆ. ನೆಟ್ಟಗಿರುವ ಕಿಂಡಿಯಲ್ಲಿ ದೂರದ ದಾರಿ, ಅದರಾಚೆ ಹೊಲ ಕಾಣುತ್ತದೆ. ಜಾರಿದ ಕಿಂಡಿಯಲ್ಲಿ ಕಾಣೋದು ಗೋಡೆಯ ಬುಡ, ನಾವು ಆಗಷ್ಟೇ ಏದುಸಿರು ಬಿಡುತ್ತಾ ಹತ್ತಿ ಬಂದ ಮೆಟ್ಟಿಲು. ಒಳಗಡೆ ಬಾಯಿ ಅಗಲ, ಹೊರಗಡೆ ಮುಷ್ಟಿ ಹಿಡಿಸುವಷ್ಟೇ. ಕೋವಿ ಇಟ್ಟು ಹೊಡೆಯೋಕೆ ಮಾಡಿದ್ದು. ದೂರದಲ್ಲಿರುವವನಿಗೆ ಒಂದು, ಬುಡಕ್ಕೆ ಬಂದವನಿಗೆ ಇನ್ನೊಂದು.

ಮನೆಗೆ ಬಂದ ಮೇಲೂ ಅದೇ ಯೋಚನೆ. ಶಾಲೆಯಲ್ಲಿ ನಾವು ಓದಿದ್ದು ಇಷ್ಟೇ: ಬಾಬರ್ ಫಿರಂಗಿ ತಂದ, 1526ರಲ್ಲಿ ಪಾಣಿಪತ್ ಗೆದ್ದ, ಯುದ್ಧದ ರೀತಿಯೇ ಬದಲಾಯಿತು. ಆದರೆ ಅದಕ್ಕೂ ಆರು ವರ್ಷ ಮುಂಚೆ, 1520ರ ಮೇ ತಿಂಗಳಲ್ಲಿ, ನಮ್ಮ ರಾಯಚೂರಿನ ಹತ್ತಿರ ಜಾಸ್ತಿ ಫಿರಂಗಿ ಇದ್ದವನೇ ಸೋತ. ಇದನ್ನು ಯಾಕೆ ಯಾರೂ ಜೋರಾಗಿ ಹೇಳಲ್ಲ?

ಆ ದಿನ ನಡೆದದ್ದನ್ನು ಪೋರ್ಚುಗೀಸಿನ ನೂನಿಸ್ ವಿವರವಾಗಿ ಬರೆದಿಟ್ಟಿದ್ದಾನೆ. ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಷಾ ಕೃಷ್ಣಾ ನದಿ ದಾಟಿ ಬಂದ. ತನ್ನ ತೋಪುಗಳ ಮೇಲೆ ಅವನಿಗೆ ಬಹಳ ನಂಬಿಕೆ. ವಿಜಯನಗರದ ಮುಂದಿನ ಸಾಲು ನುಗ್ಗಿದಾಗ ಎಲ್ಲ ತೋಪುಗಳನ್ನೂ ಒಟ್ಟಿಗೇ ಹಾರಿಸಿದರು. ಜನ ರಾಶಿ ರಾಶಿ ಬಿದ್ದರು, ಉಳಿದವರು ತಿರುಗಿ ಓಡಿದರು. ಬಿಜಾಪುರದ ಕುದುರೆಯವರು ಅಟ್ಟಿಸಿಕೊಂಡು ಬಂದರು. ಆಗ ಕೃಷ್ಣದೇವರಾಯ ಬೆರಳಿನ ಉಂಗುರ ಕಳಚಿ ಊಳಿಗದ ಹುಡುಗನ ಕೈಗೆ ಕೊಟ್ಟನಂತೆ. ತಾನು ಸತ್ತರೆ ರಾಣಿಯರಿಗೆ ಗುರುತಾಗಲಿ ಅಂತ. ಕುದುರೆ ಹತ್ತಿ ಎರಡನೇ ದಂಡನ್ನು ತಾನೇ ಮುಂದೆ ನಿಂತು ನುಗ್ಗಿಸಿದ. ಅಷ್ಟು ಹೊತ್ತಿಗೆ ಎದುರಿನ ತೋಪುಗಳೆಲ್ಲ ಖಾಲಿ. ಅಟ್ಟಿಕೊಂಡು ಬಂದ ಕುದುರೆಯವರು ಚೆಲ್ಲಾಪಿಲ್ಲಿ. ನದಿಯವರೆಗೂ ಅವರನ್ನು ತಳ್ಳಿಕೊಂಡು ಹೋದರು. ಸಿಕ್ಕ ದೊಡ್ಡ ತೋಪುಗಳೇ 400 ಅಂತ ನೂನಿಸ್ ಬರೆಯುತ್ತಾನೆ.

ನನಗೆ ಅನ್ನಿಸುವುದು ಇದು. ಸಿಡಿಮದ್ದಿನ ಜೊತೆಗೆ ರಣರಂಗಕ್ಕೆ ಒಂದು ಖಾಲಿ ಹೊತ್ತೂ ಬಂತು. ಒಂದು ಗುಂಡು ಹೋದ ಮೇಲೆ ಇನ್ನೊಂದು ಹೋಗುವವರೆಗಿನ ಹೊತ್ತು. ಅದನ್ನು ಯಾರು ಕಾಯ್ದುಕೊಂಡರೋ ಅವರು ಗೆದ್ದರು. ನೀವೆಲ್ಲ ಏನಂತೀರಿ? ನಮ್ಮ ಸೀಮೆ ತುಂಬ ಕೋಟೆ ಇದೆ, ಹತ್ತಿದವರು ನೋಡಿದ್ದನ್ನು ಬರೆಯಿರಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಚೆನ್ನಾಗಿ ಬರೆದಿದ್ದೀರಿ. ಆದರೆ ರಾಯಚೂರಿನ ಕಥೆ ಅಲ್ಲಿಗೇ ಮುಗಿಯಲ್ಲ ಅಣ್ಣ. ಬಯಲಿನ ಯುದ್ಧ ಗೆದ್ದ ಮೇಲೂ ಕೋಟೆ ಬಿದ್ದಿರಲಿಲ್ಲ. ಕೋಟೆ ಮೇಲೆ ದೊಡ್ಡ ತೋಪುಗಳೇ 200 ಇದ್ದವು ಅಂತ ಅದೇ ನೂನಿಸ್ ಹೇಳುತ್ತಾನೆ. ರಾಯರ ಕಡೆಯವರು ಗುದ್ದಲಿ, ಹಾರೆ ಹಿಡಿದು ಗೋಡೆ ಬುಡಕ್ಕೇ ನುಗ್ಗಿದರು. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ಪಣ ಎಣಿಸಿ ಕೊಡುತ್ತಿದ್ದರು. ಮೇಲಿನ ತೋಪುಗಳಿಗೆ ಕತ್ತು ಬಗ್ಗಿಸೋಕಾಗಲ್ಲ. ಬುಡಕ್ಕೆ ಬಂದವನು ಅವಕ್ಕೆ ಸಿಗಲ್ಲ. ನಿಮ್ಮ ಅಕ್ಕನ ಮಗಳು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ, ಅಲ್ವಾ?

ಹಾಗಿದ್ದರೂ ಗೋಡೆ ಮೇಲಿನವರು ಕಲ್ಲು ಎತ್ತಿ ಹಾಕುತ್ತಿದ್ದರು, ಬಾಣ ಬಿಡುತ್ತಿದ್ದರು. ಅದನ್ನು ನಿಲ್ಲಿಸಿದ್ದು ಫಿಗೆರೆದೊ ಅನ್ನೋ ಪೋರ್ಚುಗೀಸನ ಜೊತೆಗಿದ್ದ ಇಪ್ಪತ್ತೇ ಕೋವಿಗಾರರು. ಗೋಡೆ ಮೇಲೆ ತಲೆ ಕಂಡರೆ ಹೊಡೆಯೋದು. ಕೋಟೆಯ ಮುಖ್ಯಸ್ಥ ಏನು ನಡೀತಿದೆ ಅಂತ ಬಗ್ಗಿ ನೋಡಿದ, ಗುಂಡು ಹಣೆಗೆ ಬಿತ್ತು. ಕೋಟೆ ಕೈಗೆ ಬಂತು. 200 ತೋಪಿನ ಕೈಲಾಗದ್ದನ್ನು 20 ಕೋವಿ ಮಾಡಿತು. ಹಾಗಾಗಿ ಹೊತ್ತೇ ಎಲ್ಲ ಅನ್ನೋಕಾಗಲ್ಲ. ಗುರಿಯೂ ಬೇಕು.

ಟೇಕಲ್ ಬಂಡೆ, ಮಾಲೂರು

ನಾನು ಓದಿದ್ದು ಕಮ್ಮಿ. ಆದರೆ ಮದ್ದು ಗೊತ್ತು. ನಮ್ಮಪ್ಪ, ತಾತ ಎಲ್ಲ ಕಲ್ಲಿನ ಕೆಲಸದವರು. ನಾನೂ ಹದಿನಾಲ್ಕು ವರ್ಷ ಬಂಡೆ ಮೇಲೆ ದುಡಿದೆ. ನೀವು ಹೇಳುವ ಮದ್ದು ನಾವು ಕಲ್ಲು ಸೀಳೋಕೆ ಬಳಸುತ್ತಿದ್ದ ಕರಿಮದ್ದೇ. ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು, ಗಂಧಕ.

ಬಯಲಲ್ಲಿ ಸುರಿದು ಬೆಂಕಿ ತಾಗಿಸಿದರೆ ಬುಸ್ ಅಂತ ಉರಿದು ಹೊಗೆಯಾಗಿ ಹೋಗುತ್ತದೆ. ಅದೇ ಮದ್ದನ್ನು ಕುಳಿಗೆ ತುಂಬಿ, ಮೇಲೆ ಜೇಡಿಮಣ್ಣು ಗಿಡಿದರೆ, ಅಂದರೆ ಒತ್ತಿ ಒತ್ತಿ ತುಂಬಿದರೆ, ಆನೆ ಗಾತ್ರದ ಬಂಡೆ ಎರಡು ಹೋಳು. ಗಿಡಿಯೋಕೆ ಕಬ್ಬಿಣದ ಸಲಾಕೆ ಮುಟ್ಟಿಸಬಾರದು, ಕಲ್ಲಿಗೆ ತಾಗಿ ಕಿಡಿ ಹಾರಿದರೆ ಮುಗೀತು. ಮರದ ಕೋಲೇ ಬೇಕು. ನಮ್ಮಪ್ಪ ಗಿಡಿಯುವಾಗ ಉಸಿರು ಕೂಡ ಮೆಲ್ಲಗೆ ಬಿಡುತ್ತಿದ್ದರು.

ಒಂದು ಆಷಾಢದಲ್ಲಿ ಮೂರು ದಿನ ಜಿಟಿಜಿಟಿ ಮಳೆ. ಪೆಟ್ಲುಪ್ಪಿನ ಜೊತೆ ಬೇರೆ ಉಪ್ಪು ಸ್ವಲ್ಪ ಉಳಿದಿದ್ದರೂ ಮದ್ದು ತೇವ ಎಳೆಯುತ್ತದೆ. ಬತ್ತಿ ಹಚ್ಚಿದರು, ಹೊಗೆ ಬಂತು, ಹಾರಲಿಲ್ಲ. ಕಾಯಬೇಕಿತ್ತು. ಜೊತೆಯವರೊಬ್ಬರು ಕೆಲಸ ನಿಲ್ಲುತ್ತದೆ ಅಂತ ಹತ್ತಿರ ಹೋದರು. ಎರಡು ಬೆರಳು ಹೋಯಿತು, ಒಂದು ಕಿವಿ ಇವತ್ತಿಗೂ ಕೇಳಿಸಲ್ಲ.

ಅದಕ್ಕೇ ನಾನು ಹೇಳೋದು, ಆ ಖಾಲಿ ಹೊತ್ತು ಅಂದ್ರೆ ಸುಮ್ನೆ ಕೂರುವ ಹೊತ್ತಲ್ಲ. ತೋಪಿನ ಬಾಯಿ ಒಳಗೆ ಹಳೇ ಕಿಡಿ ಉಳಿದಿರುತ್ತದೆ. ಅದನ್ನು ಒರೆಸಬೇಕು. ಮದ್ದು ಅಳೆದು ಹಾಕಬೇಕು, ಗಿಡಿಯಬೇಕು, ಗುಂಡು ಕೂರಿಸಬೇಕು. ಹೊಡೆದಾಗ ಹಿಂದಕ್ಕೆ ಸರಿದ ತೋಪನ್ನು ಮತ್ತೆ ಜಾಗಕ್ಕೆ ತಳ್ಳಬೇಕು. ಅವಸರ ಮಾಡಿದವನ ಕೈ ಉಳಿಯಲ್ಲ. ಎದುರಿಗೆ ಕುದುರೆ ನುಗ್ಗಿ ಬರುತ್ತಿರುವಾಗ ಇಷ್ಟನ್ನೂ ಮಾಡಿದವರ ಎದೆಗಾರಿಕೆ ನನಗೆ ಅರ್ಥವಾಗುತ್ತದೆ.

ಮಧುಗಿರಿ ಮೆಟ್ಟಿಲು, ತುಮಕೂರು

ಟೇಕಲ್ ಅಣ್ಣ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇದು ಯಾವ ಪಾಠದಲ್ಲೂ ಸಿಗಲ್ಲ. ದಯವಿಟ್ಟು ಬರೀತಾ ಇರಿ.

ನೀವು ಹೇಳಿದ್ದನ್ನು ಇಟ್ಟುಕೊಂಡು ಪಾಣಿಪತ್ ನೋಡಿದರೆ ಬಾಬರ್ ಏನು ಮಾಡಿದ ಅಂತ ತಿಳಿಯುತ್ತದೆ. ಅವನೇ ಬರೆದುಕೊಂಡಿದ್ದಾನೆ. 700 ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಹಸಿ ಚರ್ಮದ ಹಗ್ಗದಿಂದ ಒಂದಕ್ಕೊಂದು ಕಟ್ಟಿಸಿದ. ರೂಮಿಗಳ, ಅಂದರೆ ತುರ್ಕರ, ಪದ್ಧತಿ ಅದು. ಎರಡೆರಡು ಗಾಡಿಗಳ ನಡುವೆ ಐದಾರು ಮರೆಗಳು. ಕೋವಿಗಾರರು ಆ ಮರೆಯಲ್ಲಿ ನಿಂತು ಮದ್ದು ತುಂಬಬೇಕು. ಬಲಗಡೆ ಪಾಣಿಪತ್ ಊರು, ಎಡಗಡೆ ಅಗಳು ತೋಡಿ ಮರದ ಕೊಂಬೆ ಕಡಿದು ಹಾಕಿದ್ದರು. ಸಾಲಿನ ಮಧ್ಯೆ ಅಲ್ಲಲ್ಲಿ ನೂರು, ನೂರೈವತ್ತು ಕುದುರೆ ಹೊರಗೆ ನುಗ್ಗುವಷ್ಟು ಜಾಗ ಬಿಟ್ಟಿದ್ದರು.

ಎದುರಾಳಿ, ದೆಹಲಿ ಸುಲ್ತಾನ ಇಬ್ರಾಹಿಂ ಲೋದಿಯ ದಂಡು ವೇಗವಾಗಿ ಬಂತು. ಗಾಡಿ ಸಾಲು ಕಂಡ ತಕ್ಷಣ ಮುಂದಿನವರು ತಡೆದು ನಿಂತರು. ಹಿಂದಿನವರಿಗೆ ಅದು ಗೊತ್ತಿಲ್ಲ, ತಳ್ಳುತ್ತಲೇ ಬಂದರು. ಸಂತೆ ಬಾಗಿಲಲ್ಲಿ ಆಗುವ ನೂಕುನುಗ್ಗಲಿನ ಹಾಗೆ. ಅಷ್ಟರಲ್ಲಿ ಬಾಬರನ ಎರಡೂ ಪಕ್ಕದ ಕುದುರೆ ಬಿಲ್ಲುಗಾರರು ಸುತ್ತಿಕೊಂಡು ಬೆನ್ನಿಗೆ ಬಂದರು. ತುಲ್‌ಗಮಾ ಅನ್ನೋದು ಇದೇ. ನಡುವೆ ಉಸ್ತಾದ್ ಅಲಿ ಕುಲಿ, ಮುಸ್ತಫಾ ಇಬ್ಬರೂ ತೋಪು ಹಾರಿಸುತ್ತಿದ್ದರು. ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು.

ಅಂದರೆ ತೋಪಿನ ಖಾಲಿ ಹೊತ್ತನ್ನು ಬಿಲ್ಲುಗಾರರು ತುಂಬಿದರು. ಬತ್ತಿ ಕೋವಿ ಒಂದು ಸಲ ಹಾರಿ ಮತ್ತೆ ಸಿದ್ಧವಾಗೋಕೆ ಒಂದು ನಿಮಿಷವಾದರೂ ಬೇಕು. ಅಷ್ಟರಲ್ಲಿ ಒಳ್ಳೆ ಬಿಲ್ಲುಗಾರ ಐದಾರು ಬಾಣ ಬಿಡುತ್ತಾನೆ. ಕೋವಿ ಬಂದ ತಕ್ಷಣ ಬಿಲ್ಲು ಮೂಲೆಗೆ ಸೇರಿತು ಅನ್ನೋದು ತಪ್ಪು. ಬಿಲ್ಲಿಲ್ಲದೆ ಕೋವಿ ಬದುಕುತ್ತಿರಲಿಲ್ಲ.

ಗುಬ್ಬಿ ಮೇಷ್ಟ್ರು, ತುಮಕೂರು

ಮಕ್ಕಳೇ, ಒಂದು ತಿದ್ದುಪಡಿ. ಬಾಬರನೇ ಮೊದಲು ಮದ್ದು ತಂದ ಅನ್ನೋದನ್ನು ಬಿಡಿ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಮಹಾನವಮಿ ಹಬ್ಬದಲ್ಲಿ ಬಾಣಬಿರುಸು ನೋಡಿ ಬೆರಗಾಗಿ ಬರೆದಿದ್ದಾನೆ. ನಮ್ಮ ಭಾಷೆಯನ್ನೇ ನೋಡಿ. ಜಾತ್ರೆಯಲ್ಲಿ ಹಾರಿಸುವುದಕ್ಕೂ ಬಾಣ ಅಂತೀವಿ, ಬಿಲ್ಲಿನಿಂದ ಹೋಗುವುದಕ್ಕೂ ಬಾಣ ಅಂತೀವಿ. ಮೈಸೂರಿನವರ ರಾಕೆಟ್ಟೂ ಬಾಣವೇ. ಹಳೇ ಹೆಸರು ಹೊಸ ವಸ್ತುವಿಗೆ ಅಂಟಿಕೊಂಡಿತು.

ಇನ್ನೊಂದು, 1472ರಲ್ಲಿ ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಗೋಡೆ ಕೆಳಗೆ ಸುರಂಗ ತೋಡಿಸಿ ಮದ್ದು ತುಂಬಿ ಹಾರಿಸಿದ. ಪಾಣಿಪತ್‌ಗಿಂತ ಅರ್ಧ ಶತಮಾನ ಹಿಂದೆ, ನಮ್ಮ ಕರ್ನಾಟಕದ ನೆಲದಲ್ಲಿ! ಟೇಕಲ್ಲಿನವರು ಹೇಳಿದ ಕುಳಿ ಕೆಲಸದ ಅಣ್ಣನೇ ಅದು.

ಆ ಕೆಲಸ ಎಷ್ಟು ಅಪಾಯದ್ದು ಅನ್ನೋಕೆ ರಾಜಸ್ಥಾನದ ಚಿತ್ತೂರು ಕೋಟೆ ನೋಡಬೇಕು. 1567-68ರಲ್ಲಿ ಅಕ್ಬರ್ ಎರಡು ಸುರಂಗ ತೋಡಿಸಿದ. ಎರಡೂ ಒಟ್ಟಿಗೆ ಹಾರಬೇಕಿತ್ತು. ಒಂದು ಹಾರಿತು, ಗೋಡೆ ಬಿತ್ತು, ಮೊಘಲರು ಆ ಬಿರುಕಿಗೆ ನುಗ್ಗಿದರು. ಆಗ ಎರಡನೆಯದು ಹಾರಿತು. ಅವನದೇ ಕಡೆಯ ಇನ್ನೂರರಷ್ಟು ಜನ ಸತ್ತರು. ಇಲ್ಲೂ ಅದೇ ಹೊತ್ತಿನ ಲೆಕ್ಕ ತಪ್ಪಿದ್ದು. ಕೊನೆಗೆ ಸಾಬಾತ್ ಅಂತ ಮೇಲೆ ಮುಚ್ಚಿಗೆಯಿರುವ ಓಣಿಗಳನ್ನು ಗೋಡೆವರೆಗೆ ಕಟ್ಟಿಸಿದ. ಎಷ್ಟು ಜನ ಗಾರೆಯವರು, ಕೂಲಿಯವರು ಗುಂಡಿಗೆ ಎದೆಯೊಡ್ಡಿ ಅದನ್ನು ಕಟ್ಟಿದರೋ. ಕಟ್ಟುವಾಗ ಬಿದ್ದವರ ಮೈಯನ್ನೂ ಗೋಡೆಯೊಳಗೇ ಸೇರಿಸುತ್ತಿದ್ದರಂತೆ. ಇದನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತಿತ್ತು.

ಶಿರಾ ಸೀಮೆ

ಮೇಷ್ಟ್ರೇ ನಮಸ್ಕಾರ. 1565ರ ತಾಳಿಕೋಟೆ ಯುದ್ಧದ ಬಗ್ಗೆ ಯಾರೂ ಬರೆದಿಲ್ಲವಲ್ಲ? ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವುದು ಅದೇ. ವಿಜಯನಗರದವರ ಹತ್ತಿರ ತೋಪು ಇರಲಿಲ್ಲ, ಅದಕ್ಕೇ ಸೋತರು ಅಂತಾರೆ. ನಿಜವಾ?

ಗುಬ್ಬಿ ಮೇಷ್ಟ್ರು, ತುಮಕೂರು

ಇಲ್ಲಪ್ಪ. ತೋಪು ಇತ್ತು, ಕೋವಿ ಇತ್ತು, ಮದ್ದಿನ ಬಾಣಗಳು ಸಾವಿರಗಟ್ಟಲೆ ಇದ್ದವು. ರಕ್ಕಸಗಿ-ತಂಗಡಗಿ ಬಯಲಿನಲ್ಲಿ ಜನವರಿ 23ರಂದು ಮೊದಲಲ್ಲಿ ವಿಜಯನಗರದ ದಂಡು ನಡೆಸುತ್ತಿದ್ದ ರಾಮರಾಯನ ಕಡೆಯವರೇ ಎರಡೂ ಪಕ್ಕಗಳಲ್ಲಿ ಜೋರಾಗಿದ್ದರು. ಇತಿಹಾಸಕಾರ ಫರಿಷ್ತಾ ಬರೆಯುವುದು ನಡುವಿನ ಜಾಗದ ಬಗ್ಗೆ. ಅಲ್ಲಿ ಎದುರಾಳಿ ದಖ್ಖನ್ ಸುಲ್ತಾನರ ಪೈಕಿ ಅಹಮದ್‌ನಗರದವರು 600 ತೋಪುಗಳನ್ನು ಮೂರು ಸಾಲಾಗಿ ನಿಲ್ಲಿಸಿದ್ದರು. ದೊಡ್ಡವು ಮುಂದೆ, ನಡುಗಾತ್ರದವು ಆಮೇಲೆ, ಸಣ್ಣವು ಹಿಂದೆ. ನೋಡಿಕೊಳ್ಳುತ್ತಿದ್ದವನು ಚಲಪಿ ರೂಮಿ ಖಾನ್. ಈ ಸಾಲುಗಳು ಕಾಣದಂತೆ ಎದುರಿಗೆ 2000 ಬಿಲ್ಲುಗಾರರನ್ನು ನಿಲ್ಲಿಸಿದ. ವಿಜಯನಗರದವರು ಹತ್ತಿರ ಬಂದಾಗ ಬಿಲ್ಲುಗಾರರು ಪಕ್ಕಕ್ಕೆ ಸರಿದರು.

ಆಮೇಲಿನದ್ದನ್ನು ಓದಿದರೆ ಮೈ ಜುಮ್ ಅನ್ನುತ್ತದೆ. ಎರಡನೇ ಸಲ ನುಗ್ಗಿದಾಗ ಗುಂಡಿನ ಬದಲು ತಾಮ್ರದ ಕಾಸುಗಳನ್ನು ಚೀಲದಲ್ಲಿ ತುಂಬಿ ತೋಪಿಗೆ ಹಾಕಿದರಂತೆ. ಒಂದು ಗುಂಡು ಒಂದು ಗೆರೆಯಲ್ಲಿ ಹೋಗುತ್ತದೆ. ಕಾಸುಗಳು ಬೀಸಣಿಗೆ ಹಾಗೆ ಹರಡುತ್ತವೆ. ಸಂತೆಯಲ್ಲಿ ರಾಗಿ ಕೊಳ್ಳುವ ಕಾಸು! ಸಾಲು ಒಡೆಯಿತು, ಮುದಿ ರಾಮರಾಯ ಸೆರೆ ಸಿಕ್ಕ, ಅಲ್ಲೇ ತಲೆ ತೆಗೆದರು. ಅದನ್ನು ಕಂಡು ದಂಡು ಚದುರಿತು.

1520ರಲ್ಲಿ ಆದಿಲ್ ಷಾ ಎಲ್ಲವನ್ನೂ ಒಟ್ಟಿಗೆ ಹಾರಿಸಿ ಕೆಟ್ಟ. 45 ವರ್ಷದ ಮೇಲೆ ದಖ್ಖನಿನವರು ಸಾಲು ಹಿಂದೆ ಸಾಲು ಇಟ್ಟರು. ಸೋತವರು ಪಾಠ ಕಲಿತರು. ಗೆದ್ದ ನಾವು ಕಲಿಯಲಿಲ್ಲ. ಹೀಗೆ ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಮುಳಬಾಗಿಲು ಹುಡುಗ, ಕೋಲಾರ

ಸಾರ್, ಮಧ್ಯಯುಗ ದಾಟಿ ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1768ರ ಅಕ್ಟೋಬರ್ 4ರಂದು ನಮ್ಮೂರಿನ ಬಂಡೆಗಳ ನಡುವೆಯೇ ಹೈದರ್ ಅಲಿಗೂ ಇಂಗ್ಲಿಷರ ಕರ್ನಲ್ ವುಡ್‌ಗೂ ಯುದ್ಧ ಆಯಿತು. ನಮ್ಮ ಕಡೆ ನೆಲ ಹೇಗಿದೆ ಅಂತ ಗೊತ್ತಲ್ಲ? ಗುಂಡುಕಲ್ಲು, ಗುಂಡುಕಲ್ಲು, ನಡುವೆ ಸೀತಾಫಲದ ಗಿಡ. ಪಾಣಿಪತ್‌ನಲ್ಲಿ ಬಾಬರ್ ಗಾಡಿ ಕಟ್ಟಿ ಮಾಡಿಕೊಂಡ ಮರೆಯನ್ನು ಇಲ್ಲಿ ದೇವರೇ ಮಾಡಿಟ್ಟಿದ್ದಾನೆ. ಪ್ರತಿ ಬಂಡೆ ಹಿಂದೆಯೂ ಒಬ್ಬ ಕೂತು ನೆಮ್ಮದಿಯಾಗಿ ಮದ್ದು ತುಂಬಬಹುದು. ಇಂಗ್ಲಿಷರ ಸಾಲು ಕಟ್ಟಿ ಹೊಡೆಯುವ ಕವಾಯತು ಇಲ್ಲಿ ನಡೆಯಲಿಲ್ಲ. ವುಡ್ ಸೋಲುವ ಹಂತಕ್ಕೆ ಬಂದಿದ್ದ.

ಆಗ ಸಾಮಾನು ಕಾಯಲು ಬಿಟ್ಟಿದ್ದ ಕ್ಯಾಪ್ಟನ್ ಬ್ರೂಕ್ ಅನ್ನುವವನು ಎರಡು ತೋಪನ್ನು ಬಂಡೆ ಮೇಲಕ್ಕೆ ಎಳೆಸಿ ಹಾರಿಸಿದ. ಜೊತೆಯವರಿಂದ "ಸ್ಮಿತ್! ಸ್ಮಿತ್!" ಅಂತ ಕೂಗಿಸಿದ. ದೊಡ್ಡ ದಂಡು ಇಟ್ಟುಕೊಂಡಿದ್ದ ಕರ್ನಲ್ ಸ್ಮಿತ್ ಬಂದೇಬಿಟ್ಟ ಅಂತ ಎರಡೂ ಕಡೆಯವರು ನಂಬಿದರು. ಹೈದರನ ಜನ ಹಿಂದೆ ಸರಿದರು, ವುಡ್‌ಗೆ ಉಸಿರು ಸಿಕ್ಕಿತು.

ಹೈದರ್ ನಮ್ಮ ಜಿಲ್ಲೆಯವನೇ, ಬೂದಿಕೋಟೆಯಲ್ಲಿ ಹುಟ್ಟಿದ್ದು. ಅವನ ತಂದೆ ಫತೇ ಮಹಮದ್ ಆರ್ಕಾಟಿನ ನವಾಬನ ಹತ್ತಿರ ಬಾಣದ ದಳ ನೋಡಿಕೊಳ್ಳುತ್ತಿದ್ದವನು. ಕೋಲಾರದ ಮಕ್ಬರಾದಲ್ಲಿ ಅವನ ಗೋರಿ ಇದೆ. ಬಸ್ಸಿನಲ್ಲಿ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆ, ಯಾರದ್ದು ಅಂತ ತಿಳಿದಿದ್ದು ಮೊನ್ನೆ ಮೊನ್ನೆ.

ಟೇಕಲ್ ಬಂಡೆ, ಮಾಲೂರು

ಬಾಣಕ್ಕೆ ತುಂಬಿಸುವ ಕಾಟವೇ ಇಲ್ಲ ನೋಡಿ. ಒರೆಸೋದಿಲ್ಲ, ಗಿಡಿಯೋದಿಲ್ಲ. ಮೊದಲೇ ತುಂಬಿಟ್ಟಿರುತ್ತೆ. ಹಚ್ಚು, ಬಿಡು, ಇನ್ನೊಂದು ತಗೋ.

ಮಧುಗಿರಿ ಮೆಟ್ಟಿಲು, ತುಮಕೂರು

ಹೌದಲ್ವಾ ಅಣ್ಣ! ನಾನು ಹಾಗೆ ಯೋಚಿಸಿರಲಿಲ್ಲ. ಗುರಿ ಅಷ್ಟು ಸರಿಯಿರಲ್ಲ, ಆದರೆ ಖಾಲಿ ಹೊತ್ತೇ ಇಲ್ಲ. ಮೈಸೂರಿನವರು ಕೊಳವೆಯನ್ನು ಕಬ್ಬಿಣದ್ದೇ ಮಾಡಿದ್ದು ದೊಡ್ಡ ವಿಷಯ. ಕಾಗದ, ಬಿದಿರು ತಡೆಯದ ಒತ್ತಡವನ್ನು ಕಬ್ಬಿಣ ತಡೆಯುತ್ತದೆ, ಜಾಸ್ತಿ ದೂರ ಹೋಗುತ್ತದೆ. ನೀವು ಹೇಳಿದ ಗಿಡಿದ ಕುಳಿಯ ಲೆಕ್ಕವೇ. 1780ರಲ್ಲಿ ಮೈಸೂರಿನವರ ಜೊತೆ ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ನಡೆದ ಯುದ್ಧದಲ್ಲಿ ಇಂಗ್ಲಿಷರ ಮದ್ದಿನ ಗಾಡಿಗಳು ಹೊತ್ತಿ ಸಿಡಿದು ಬೇಯ್ಲಿಯ ದಂಡು ನೆಲಕಚ್ಚಿತು. 2018ರಲ್ಲಿ ಹೊಸನಗರ ತಾಲೂಕಿನ ನಗರ ಅನ್ನೋ ಊರಿನ ಹಾಳುಬಾವಿಯಲ್ಲಿ ಇಂಥ ಕಬ್ಬಿಣದ ಬಾಣಗಳು ಸಾವಿರದ ಮೇಲೆ ಸಿಕ್ಕವು.

ಕಬ್ಬಿಣ ಅಂದಾಗ ನಮ್ಮ ತಾಲೂಕನ್ನು ಹೇಳಲೇಬೇಕು. 1800ರಲ್ಲಿ ಇಂಗ್ಲಿಷರ ಪರವಾಗಿ ಸೀಮೆ ಸುತ್ತಿ ನೋಡುತ್ತಿದ್ದ ಬುಕಾನನ್ ಈ ಕಡೆ ಬಂದಾಗ ಮಧುಗಿರಿ, ಚನ್ನರಾಯನದುರ್ಗದ ಸುತ್ತ ಮಳೆನೀರು ತರುವ ಕರಿಮರಳನ್ನು ಕರಗಿಸಿ ಕಬ್ಬಿಣ ತೆಗೆಯುವುದನ್ನು ನೋಡಿ ಬರೆದಿದ್ದಾನೆ. ಮಳೆ ಬಂದ ಮಾರನೇ ದಿನ ನಮ್ಮ ಹಳ್ಳದಲ್ಲಿ ಕರಿಮರಳಿನ ಗೆರೆ ಈಗಲೂ ಕಾಣುತ್ತದೆ. ಚಿಕ್ಕವನಿದ್ದಾಗ ಅದರ ಮೇಲೆ ಅಯಸ್ಕಾಂತ ಆಡಿಸುತ್ತಿದ್ದೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ನಮ್ಮ ಬೆಟ್ಟದ ಮಾತೂ ಸೇರಿಸಿಬಿಡುತ್ತೇನೆ. 1791ರಲ್ಲಿ ಇಂಗ್ಲಿಷರು ನಂದಿದುರ್ಗಕ್ಕೆ ಮುತ್ತಿಗೆ ಹಾಕಿದಾಗ ಮೂರು ವಾರ ಹಿಡಿಯಿತು. ತೋಪನ್ನು ಮೇಲಕ್ಕೆ ಎಳೆಯೋಕೇ ದಾರಿ ಕಡಿಯಬೇಕಾಯಿತು. ಅಕ್ಟೋಬರ್ 19ರ ಬೆಳಗಿನ ಜಾವ ಬೆಳದಿಂಗಳಲ್ಲಿ ಹತ್ತಿದರು. ಹತ್ತುವವರಿಗೆ ಜಾಸ್ತಿ ಏಟು ಬಿದ್ದದ್ದು ಗುಂಡಿನಿಂದಲ್ಲ, ಮೇಲಿಂದ ಉರುಳಿಸಿದ ಕಲ್ಲುಗಳಿಂದ. ಬೆಳಗಾವಿಯಲ್ಲಿ ಮದ್ದು ಹಾರಿ 300 ವರ್ಷ ಆದ ಮೇಲೂ ಬೆಟ್ಟದ ಮೇಲೆ ಕಲ್ಲೇ ಕೆಲಸ ಮಾಡಿತು. ಕಲ್ಲಿಗೆ ಬತ್ತಿ ಬೇಡ, ಮಳೆ ಬಂದರೂ ತೊಂದರೆ ಇಲ್ಲ.

ಶಿರಾ ಸೀಮೆ

ಕಿಂಡಿ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ತಾ ಅಣ್ಣ?

ಮಧುಗಿರಿ ಮೆಟ್ಟಿಲು, ತುಮಕೂರು

ಸಿಕ್ಕಿತು ಅಂದುಕೊಂಡಿದ್ದೇನೆ. ಈ ಭಾನುವಾರ ಮತ್ತೆ ಹೋಗಿದ್ದೆವು. ಅಕ್ಕನ ಮಗಳದ್ದೇ ಉಪಾಯ. ಅವಳು ಮೆಟ್ಟಿಲಿಳಿದು, ನೆಟ್ಟಗಿರುವ ಕಿಂಡಿಯಲ್ಲಿ ನನಗೆ ಕಾಣಿಸುವ ತಿರುವಿನಲ್ಲಿ ಹೋಗಿ ನಿಂತಳು. ನಾನು ಒಳಗೆ, ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು. ಟೇಕಲ್ ಅಣ್ಣ ಹೇಳಿದ್ದನ್ನೆಲ್ಲ ಕೈಯಲ್ಲೇ ಅಭಿನಯಿಸಿದೆ: ಕೊಳವೆ ಒರೆಸು, ಮದ್ದು ಹಾಕು, ಗುಂಡು ಹಾಕು, ಮರದ ಕೋಲಿನಿಂದ ಗಿಡಿ, ಕೋವಿಯ ಕಿವಿಗೆ (ಬೆಂಕಿ ಒಳಹೋಗುವ ತೂತಿಗೆ) ಮದ್ದು ಉದುರಿಸು, ಬತ್ತಿ ಊದಿ ಕೆಂಡ ಮಾಡು.

"ಓಡು" ಅಂದೆ. ಎಷ್ಟೇ ಚುರುಕಾಗಿ ಮಾಡಿದರೂ ನಾನಿನ್ನೂ ಗಿಡಿಯುತ್ತಲೇ ಇದ್ದೆ. ನೆಟ್ಟಗಿರುವ ಕಿಂಡಿಯಿಂದ ಅವಳು ಆಗಲೇ ಮಾಯವಾಗಿದ್ದಳು. ಗಡಿಯಾರ 41 ಸೆಕೆಂಡು ತೋರಿಸುತ್ತಿತ್ತು. ಪಕ್ಕಕ್ಕೆ ಸರಿದು ಜಾರಿದ ಕಿಂಡಿಯಲ್ಲಿ ಕಣ್ಣಿಟ್ಟೆ. ಎರಡು ಜಡೆ, ನಡುವೆ ಬೈತಲೆ, ಅವಳ ನೆತ್ತಿ ಸರಿಯಾಗಿ ಕೆಳಗಿತ್ತು.